ತಾಳೆಗರಿಯಲ್ಲಿ ಉಳಿದ ಯಕ್ಷಗಾನ

ಸರ್ವರಿನಲ್ಲಿ ಅಳಿದ ಕಡತವನ್ನು ಹಿಂದಿನ ಬ್ಯಾಕಪ್‌ನಿಂದ ಮರಳಿ ಪಡೆಯುತ್ತಾರೆ. ಬ್ರಹ್ಮಾವರ, ಕುಂದಾಪುರ, ಬೈಂದೂರು ಸೀಮೆಯ ಯಕ್ಷಗಾನಕ್ಕೆ ಅಂಥ ಆಸರೆಯಾದದ್ದು ತಾಳೆಗರಿ.

ಕರಾವಳಿಯ ತೇವಕ್ಕೆ, ಗೆದ್ದಲಿಗೆ ಗರಿ ಬಹುಕಾಲ ತಾಳದು. ಹಳೆಯದು ಹಾಳಾಗುವ ಮೊದಲೇ ಪ್ರಸಂಗವನ್ನು ಕಂಟವೆಂಬ ಮೊನೆಯ ಲೇಖನಿಯಿಂದ ಹೊಸ ಗರಿಗೆ ಕೊರೆದು ಮಸಿ ತೀಡಬೇಕಿತ್ತು. ಆಗ ಪದ ತಪ್ಪುವುದಿತ್ತು, ಸಾಲು ಬಿಟ್ಟುಹೋಗುವುದಿತ್ತು. ಮತ್ತೊಂದು ಮನೆಯ ಅಟ್ಟದಲ್ಲಿ ಅದಕ್ಕಿಂತ ಹಳೆಯ ಪ್ರತಿ ಇದ್ದರೆ ತಿದ್ದಿಕೊಳ್ಳಬಹುದಿತ್ತು. ಅಜಪುರ, ಅಂದರೆ ಇಂದಿನ ಬ್ರಹ್ಮಾವರದ ವಿಷ್ಣು ಕವಿಯ 'ವಿರಾಟಪರ್ವ' ನಮಗೆ ದಕ್ಕಿದ್ದು ಗರಿಯಿಂದಲೇ.

ಕೋಟದಲ್ಲಿ 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರು ಇಂಥ ಪ್ರತಿಗಳನ್ನು ಹುಡುಕಿ ಓದಿದರು. ಪದದ ತಲೆಯ ಮೇಲೆ ರಾಗ, ತಾಳ ನಮೂದಿಸುವ ರೂಢಿ ಇದೆಯಲ್ಲ, ಅದೇ ದೊಡ್ಡ ಉಪಕಾರ: ಭಾಗವತರು ಹಾಡುವುದನ್ನು ಬಿಟ್ಟ ರಾಗಗಳ ಹೆಸರೂ ಅಲ್ಲಿದ್ದವು. ಕಾರಂತರ 'ಯಕ್ಷಗಾನ ಬಯಲಾಟ' ಕೃತಿಗೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಧಾಟಿಯನ್ನು ಮಾತ್ರ ಗರಿ ಹಿಡಿದಿಡಲಾರದು. ಅದನ್ನು ಹಿರಿಯ ಭಾಗವತರ ಕಂಠದಿಂದಲೇ ಪಡೆಯಬೇಕಿತ್ತು.