ವೀರವನಿತೆಯರ ಖಡ್ಗಚಿತ್ರಗಳು

ಹೆಣ್ಣನ್ನೇ ನಾಯಕಿಯಾಗಿಟ್ಟು, ಕತ್ತಿವರಸೆಯ ಜೊತೆ ಮಾಯಮಂತ್ರ ಬೆರೆಸಿ, ಸಣ್ಣ ಬಂಡವಾಳದಲ್ಲಿ ತಯಾರಿಸಿದ ಚೀನೀ ಭಾಷೆಯ ಚಿತ್ರಗಳ ಒಂದು ಪ್ರಕಾರ. 'ವುಶಿಯಾ' ಎಂಬ ವೀರಕಥಾ ಪರಂಪರೆಯ ಕವಲು. 1920ರ ದಶಕದಲ್ಲಿ ಶಾಂಘೈಯಲ್ಲಿ ಹುಟ್ಟಿ, ಹಾಂಗ್‌ಕಾಂಗ್‌ನಲ್ಲಿ ಬೆಳೆದು, ತೈವಾನ್‌ನಲ್ಲಿ 1980ರ ದಶಕದವರೆಗೂ ಹುರುಪಿನಿಂದ ನಡೆಯಿತು. ಈ ಚಿತ್ರಗಳಲ್ಲಿ ಹಣದ ಕೊರತೆಯನ್ನು ತುಂಬಿಕೊಟ್ಟದ್ದು ರಂಗಭೂಮಿಯಲ್ಲಿ ಪಳಗಿದ ನಟಿಯರ ಮೈ. ಈ ಪ್ರಕಾರದ ಚರಿತ್ರೆಯೆಂದರೆ ಬಹುಮಟ್ಟಿಗೆ ಆ ನಟಿಯರ ಗುರುಪರಂಪರೆಯ ಚರಿತ್ರೆ.

ಕಥೆಯ ಮೂಲ ಹಳೆಯದು. ಟಾಂಗ್ ಅರಸರ ಕಾಲದಲ್ಲಿ, 9ನೆಯ ಶತಮಾನದಲ್ಲಿ, ಪೇ ಶಿಂಗ್ ಬರೆದ ಕಥೆಯೊಂದರ ನಾಯಕಿ ನಿಯೆ ಯಿನ್‌ನಿಯಾಂಗ್ ಸೇನಾಪತಿಯ ಮಗಳು. ಹತ್ತು ವರ್ಷದ ಹುಡುಗಿಯನ್ನು ಸನ್ಯಾಸಿನಿಯೊಬ್ಬಳು ಕದ್ದೊಯ್ದು, ಬೆಟ್ಟದಲ್ಲಿ ಶಸ್ತ್ರವಿದ್ಯೆ ಕಲಿಸಿ, ಐದು ವರ್ಷದ ಮೇಲೆ ತಂದೆಯ ಮನೆಗೆ ಮರಳಿ ಬಿಡುತ್ತಾಳೆ. ಮನೆಯಿಂದ ಅಗಲಿದ ಹುಡುಗಿ, ಬೆಟ್ಟದ ಗುರು, ವಿದ್ಯೆ ಕಲಿತು ಮರಳುವುದು: ಈ ಮೂರು ಘಟ್ಟಗಳನ್ನು ಮುಂದೆ ಬಂದ ನೂರಾರು ಚಿತ್ರಗಳು ತಮ್ಮದಾಗಿಸಿಕೊಂಡವು. ಇನ್ನೊಂದು ಆಸರೆ ಪೀಕಿಂಗ್ ಅಪೆರಾ. ಯಕ್ಷಗಾನದಲ್ಲಿ ಪುಂಡುವೇಷ, ಬಣ್ಣದ ವೇಷ, ಸ್ತ್ರೀವೇಷ ಎಂಬ ವಿಂಗಡಣೆ ಇರುವಂತೆ ಆ ರಂಗಭೂಮಿಯಲ್ಲೂ ಪಾತ್ರವರ್ಗಗಳಿವೆ. ಅವುಗಳಲ್ಲಿ 'ವುಡಾನ್' ಎಂಬುದು ಕಾದಾಡುವ ಸ್ತ್ರೀಪಾತ್ರ. ಲಾಗ ಹಾಕುವುದು, ಭರ್ಜಿ ತಿರುಗಿಸುವುದು, ಎದುರಾಳಿ ಎಸೆದ ಆಯುಧವನ್ನು ಕಾಲಿನಿಂದಲೇ ಒದ್ದು ಹಿಂದಿರುಗಿಸುವುದು, ಇವೆಲ್ಲ ವುಡಾನ್ ನಟಿಗೆ ಎಳವೆಯಿಂದಲೇ ಆಗಬೇಕಾದ ಅಭ್ಯಾಸ.

ಅಂಥ ನಟಿಯೊಬ್ಬರಿಂದಲೇ ಈ ಪ್ರಕಾರ ಆರಂಭವಾಯಿತು. ಶಾವ್ ಸಹೋದರರ ತಿಯಾನ್‌ಯಿ ಕಂಪನಿ 1925ರಲ್ಲಿ ತೆಗೆದ 'ವೀರಾಂಗನೆ ಲಿ ಫೇಫೇ' ಚಿತ್ರದ ಮುಖ್ಯಪಾತ್ರದಲ್ಲಿದ್ದವರು ಅಪೆರಾ ಕಲಾವಿದೆ ಫೆನ್ ಜುಹುವಾ. ಅಲ್ಲಿಂದ ಮೂರು ವರ್ಷಕ್ಕೆ ಮಿಂಗ್‌ಶಿಂಗ್ ಕಂಪನಿಯ 'ಕೆಂಪು ಕಮಲ ದೇಗುಲದ ದಹನ' ಬಂತು. ಶಿಯಾಂಗ್ ಕೈರಾನ್ ಅವರ ಜನಪ್ರಿಯ ಕಾದಂಬರಿಯನ್ನು ಆಧರಿಸಿ ಝಾಂಗ್ ಶಿಚುವಾನ್ ನಿರ್ದೇಶಿಸಿದ ಈ ಚಿತ್ರಕ್ಕೆ ಜನ ಮುಗಿಬಿದ್ದರು. 1931ರೊಳಗೆ ಅದು 18 ಭಾಗಗಳಿಗೆ ಬೆಳೆಯಿತು. ಛಾಯಾಗ್ರಾಹಕ ಡಾಂಗ್ ಕೆಯಿ ತಂತಿಯಲ್ಲಿ ನಟಿಯರನ್ನು ತೂಗುಬಿಟ್ಟು ಹಾರಿಸಿದರು. ಒಂದೇ ಫಿಲ್ಮಿನ ಮೇಲೆ ಎರಡು ಬಾರಿ ಚಿತ್ರೀಕರಿಸಿ ಮಾಯೆ ತೋರಿಸಿದರು. ಕೆಂಪುಡುಗೆಯ ಹೊಂಗು ಪಾತ್ರದ ಹು ಡಿಯೆ ದೇಶದ ದೊಡ್ಡ ತಾರೆಯಾಗುವ ಹಾದಿಯಲ್ಲಿ ಇದೊಂದು ಮುಖ್ಯ ಮೆಟ್ಟಿಲು. ಈ 18 ಭಾಗಗಳಲ್ಲಿ ಒಂದೂ ಉಳಿದಿಲ್ಲ.

ಆ ಕಾಲದ ಚಿತ್ರ ಹೇಗಿತ್ತೆಂದು ನಮಗೆ ತಿಳಿದಿರುವುದು 'ಕೆಂಪು ವೀರಾಂಗನೆ'ಯಿಂದ. 1929ರಲ್ಲಿ ಯೌಲಿಯಾನ್ ಎಂಬ ಸಣ್ಣ ಕಂಪನಿಗಾಗಿ ವೆನ್ ಯಿಮಿನ್ ನಿರ್ದೇಶಿಸಿದ ಮೂಕಿ ಚಿತ್ರವಿದು. ನಾಯಕಿ ಫಾನ್ ಶುಯೆಪೆಂಗ್. ದಂಡು ಊರಿನ ಮೇಲೆ ಬೀಳುತ್ತದೆ. ಓಡುವ ಜನರ ಕಾಲ್ತುಳಿತಕ್ಕೆ ಸಿಕ್ಕು ಹುಡುಗಿಯ ಅಜ್ಜಿ ಸಾಯುತ್ತಾಳೆ. ದಂಡಿನ ಮುಖ್ಯಸ್ಥ ಹುಡುಗಿಯನ್ನು ಹೊತ್ತೊಯ್ಯುತ್ತಾನೆ. 'ಬಿಳಿ ಕೋತಿ' ಎಂಬ ಹೆಸರಿನ ಮುದುಕ ಗುರು ಅವಳನ್ನು ಬಿಡಿಸಿ ಕರೆದೊಯ್ಯುತ್ತಾನೆ. ಮೂರು ವರ್ಷದ ಮೇಲೆ ಅದೇ ಮುಖ್ಯಸ್ಥ ಇನ್ನೊಬ್ಬ ಹುಡುಗಿಯನ್ನು ಹಿಡಿದಿಟ್ಟಾಗ ಇವಳು ಆಕಾಶದಿಂದ ಇಳಿದು ಬರುತ್ತಾಳೆ, ಹೊಗೆಯ ನಡುವಿನಿಂದ ಪ್ರತ್ಯಕ್ಷಳಾಗುತ್ತಾಳೆ. ಕೊನೆಗೆ, ತನ್ನನ್ನು ವರಿಸಬಹುದಾಗಿದ್ದ ಬಂಧುವಿಗೆ ಬಿಡಿಸಿ ತಂದ ಹುಡುಗಿಯನ್ನೇ ಗಂಟುಹಾಕಿ ತಾನು ಮೋಡವೇರಿ ಹೋಗುತ್ತಾಳೆ. ತಂತ್ರ ಒರಟಾಗಿದೆ, ಹೊಗೆ ಹೊಗೆಬುಡ್ಡಿಯದೇ. ಆದರೂ ಮದುವೆಯನ್ನು ಅಂತ್ಯವಾಗಿಸದೆ ಹೆಣ್ಣನ್ನು ಅವಳ ಪಾಡಿಗೆ ಬಿಟ್ಟ ಧೈರ್ಯ ಆ ಕಾಲದ ದುಬಾರಿ ಸಾಂಸಾರಿಕ ಚಿತ್ರಗಳಲ್ಲಿ ಅಪರೂಪ. ಇದೇ ಕಂಪನಿ ಶು ಛಿನ್‌ಫಾಂಗ್ ಅವರನ್ನಿಟ್ಟು 'ಹುವಾಂಗ್‌ಜಿಯಾಂಗ್‌ನ ವೀರಾಂಗನೆ' ಎಂಬ ಸರಣಿಯನ್ನೂ ತೆಗೆಯಿತು.

ಈ ಶಾಂಘೈ ಚಿತ್ರಗಳ ಮೇಲೆ ಹಾಲಿವುಡ್ ನಟ ಡಗ್ಲಸ್ ಫೇರ್‌ಬ್ಯಾಂಕ್ಸ್‌ನ ಸಾಹಸಗಳ ಪ್ರಭಾವವೂ ಉಂಟು. ಮುಂಬಯಿಯ ಜೆ.ಬಿ.ಎಚ್. ವಾಡಿಯಾ ಕೂಡ ಅದೇ ನಟನ ಅಭಿಮಾನಿ. ಅವರ ಕಂಪನಿಯ 'ಹಂಟರ್‌ವಾಲಿ' 1935ರಲ್ಲಿ ಬಂದು ನಾದಿಯಾಳನ್ನು ಭಾರತದ ಸಾಹಸತಾರೆಯಾಗಿ ಮಾಡುವ ವೇಳೆಗೆ ಶಾಂಘೈಯ ಅಲೆ ಆಗಲೇ ಇಳಿದಿತ್ತು.

ಇಳಿದದ್ದು ಜನ ಬೇಸತ್ತು ಅಲ್ಲ. ಹುಡುಗರು ಮನೆಬಿಟ್ಟು ಸಿದ್ಧರನ್ನು ಹುಡುಕಿ ಬೆಟ್ಟಕ್ಕೆ ಹೊರಟರೆಂಬ ಸುದ್ದಿಗಳು ಪತ್ರಿಕೆಗಳಲ್ಲಿ ಬಂದವು. ಪ್ರಗತಿಪರ ಲೇಖಕರಿಗೆ ಇದು ಮೌಢ್ಯವಾಗಿ ಕಂಡಿತು. ಕಾದಂಬರಿಕಾರ ಮಾವೊ ಡುನ್, ತೆರೆಯ ಮೇಲೆ ಕಾಳಗ ನಡೆವಾಗ ಪ್ರೇಕ್ಷಕರು ಕೂಗಿ ಹುರಿದುಂಬಿಸುವ ಪರಿಯನ್ನು ವರ್ಣಿಸಿ, ಇದು ಊಳಿಗಮಾನ್ಯ ಮನಸ್ಸನ್ನು ಬೆಳೆಸುವ ಕಲೆ ಎಂದು ಖಂಡಿಸಿದರು. 1930ರ ದಶಕದ ಆರಂಭದಲ್ಲಿ ರಾಷ್ಟ್ರೀಯ ಸರ್ಕಾರದ ಸೆನ್ಸಾರ್ ಸಮಿತಿ ಮಾಯಮಂತ್ರದ ಖಡ್ಗಚಿತ್ರಗಳನ್ನು ನಿಷೇಧಿಸಿತು. ಆ ಕೂಗಿನಲ್ಲಿ ಬಡ ಪ್ರೇಕ್ಷಕರ ನ್ಯಾಯದ ಹಸಿವೂ ಇತ್ತು ಎಂಬುದನ್ನು ಟೀಕಾಕಾರರಾಗಲಿ ಸರ್ಕಾರವಾಗಲಿ ಗಣಿಸಲಿಲ್ಲ.

ನಿಷೇಧ, ಯುದ್ಧ ಮತ್ತು ಕ್ರಾಂತಿ ಈ ಪ್ರಕಾರವನ್ನು ತೆಂಕಣಕ್ಕೆ ತಳ್ಳಿದವು. ಎರಡನೆಯ ಮಹಾಯುದ್ಧದ ನಂತರ ಹಾಂಗ್‌ಕಾಂಗ್‌ನ ಕ್ಯಾಂಟನೀಸ್ ಚಿತ್ರರಂಗದಲ್ಲಿ ಅದು ಮತ್ತೆ ಚಿಗುರಿತು. ಅಲ್ಲಿನ ಬಂಡವಾಳ ಎಷ್ಟು ತೆಳುವೆಂದರೆ ಒಂದು ವಾರದಲ್ಲಿ ಮುಗಿಸಿದ ಚಿತ್ರಗಳಿಗೆ 'ಏಳು ದಿನದ ತಾಜಾ' ಎಂಬ ಹೆಸರೇ ಬಿದ್ದಿತ್ತು. ಆಗ್ನೇಯ ಏಷ್ಯಾದ ವಿತರಕರಿಂದ ಮುಂಗಡ ತಂದು ಚಿತ್ರೀಕರಣ ಆರಂಭಿಸುವುದು, ಒಂದೇ ಕಥೆಯನ್ನು ಎರಡು ಮೂರು ಭಾಗ ಮಾಡಿ ಟಿಕೆಟ್ ಮಾರುವುದು ವಾಡಿಕೆ. ಎತ್ತರಕ್ಕೆ ನೆಗೆಯಬೇಕಾದರೆ ನಟಿ ಗೋಡೆಯಿಂದ ಕೆಳಕ್ಕೆ ಹಾರುತ್ತಿದ್ದಳು, ಫಿಲ್ಮನ್ನು ಹಿಮ್ಮುಖವಾಗಿ ಓಡಿಸಲಾಗುತ್ತಿತ್ತು. ಅಂಗೈಯಿಂದ ಹೊಮ್ಮುವ ಕಿರಣಗಳನ್ನು ಚಿತ್ರೀಕರಣದ ನಂತರ ಕೈಯಿಂದಲೇ ಚೌಕಟ್ಟು ಚೌಕಟ್ಟಿಗೆ ಬಿಡಿಸುತ್ತಿದ್ದರು. 1964ರ 'ಬುದ್ಧನ ಅಂಗೈ' ಸರಣಿ ಈ ಬಗೆಯ ಕೈಕೆಲಸಕ್ಕೆ ಹೆಸರಾಯಿತು.

ಆ ಸರಣಿಯ ನಟಿ ಯು ಸೊ-ಚೌ ಈ ಕಾಲದ ರಾಣಿ. ಆಕೆಯ ತಂದೆ ಯು ಜಿಮ್-ಯುಯೆನ್, ಜಾಕಿ ಚಾನ್ ಮತ್ತು ಸ್ಯಾಮೊ ಹಂಗ್ ಅವರನ್ನು ಬಾಲ್ಯದಲ್ಲಿ ತರಬೇತು ಮಾಡಿದ ಅಪೆರಾ ಗುರು. ಆದರೆ ಪರಂಪರೆಯ ಎಳೆ ಇನ್ನೂ ನಿಚ್ಚಳವಾಗಿ ಕಾಣುವುದು ಮುಂದಿನ ಪೀಳಿಗೆಯಲ್ಲಿ. 1925ರ ಲಿ ಫೇಫೇ, ಅಂದರೆ ಫೆನ್ ಜುಹುವಾ, ಹಾಂಗ್‌ಕಾಂಗ್‌ಗೆ ಬಂದು ನೆಲೆಸಿ ಅಪೆರಾ ಶಾಲೆ ನಡೆಸುತ್ತಿದ್ದರು. ಅವರ ಬಳಿ ಕಲಿತವರಲ್ಲಿ ಚಾನ್ ಪೊ-ಚು ಮತ್ತು ಜೋಸೆಫಿನ್ ಸಿಯಾವ್ ಸೇರಿದ್ದಾರೆ. 1960ರ ದಶಕದಲ್ಲಿ ಈ ಇಬ್ಬರು ಹುಡುಗಿಯರು ಹಾಂಗ್‌ಕಾಂಗ್ ತೆರೆಯನ್ನು ಆಳಿದರು. ಬಟ್ಟೆ, ಪ್ಲಾಸ್ಟಿಕ್ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ಹೆಣ್ಣುಮಕ್ಕಳು ಅವರ ಅಭಿಮಾನಿ ಬಳಗ. ಚಾನ್ ಪೊ-ಚು ಎಷ್ಟೋ ಚಿತ್ರಗಳಲ್ಲಿ ಗಂಡಿನ ಪಾತ್ರವನ್ನೇ ವಹಿಸಿದರು. ಅಪೆರಾದ ರೂಢಿ ತಿಳಿದ ಪ್ರೇಕ್ಷಕರಿಗೆ ಅದು ವಿಚಿತ್ರವೆನಿಸಲಿಲ್ಲ. ಅರ್ಧಶತಮಾನದ ಹಿಂದೆ ರಂಗದ ಮೇಲೆ ರೂಢಿಸಿದ ಹೆಜ್ಜೆ ಗುರುವಿನಿಂದ ಶಿಷ್ಯೆಗೆ, ಅಲ್ಲಿಂದ ಕಾರ್ಖಾನೆ ಹುಡುಗಿಯ ಭಾನುವಾರದ ಆಟಕ್ಕೆ ತಲುಪಿದ್ದು ಏಷ್ಯಾದ ಸಿನಿಮಾ ಚರಿತ್ರೆಯ ದೊಡ್ಡ ಸಂಗತಿಗಳಲ್ಲೊಂದು.

ಹಣವಿದ್ದ ಕಡೆ ಬೇರೆ ಮಾತು. ಮ್ಯಾಂಡರಿನ್ ಭಾಷೆಯ ಶಾವ್ ಬ್ರದರ್ಸ್ ಸಂಸ್ಥೆಗೆ ಕಿಂಗ್ ಹು ನಿರ್ದೇಶಿಸಿದ 'ಕಮ್ ಡ್ರಿಂಕ್ ವಿತ್ ಮಿ' 1966ರಲ್ಲಿ ಬಂತು. ನೃತ್ಯ ಕಲಿತಿದ್ದ ಚೆಂಗ್ ಪೇ-ಪೇ ಗಂಡುವೇಷದಲ್ಲಿ ಹೋಟೆಲಿನ ಮೇಜಿನ ಮುಂದೆ ನಿಶ್ಚಲವಾಗಿ ಕೂತಿರುವ, ಸುತ್ತ ದರೋಡೆಕೋರರು ಕವಿಯುವ ದೃಶ್ಯ ಇಂದಿಗೂ ಪಾಠದಂತಿದೆ. ಆದರೆ ಎರಡೇ ವರ್ಷದಲ್ಲಿ ಅದೇ ಪಾತ್ರದ ಹೆಸರು ಹೊತ್ತ 'ಗೋಲ್ಡನ್ ಸ್ವಾಲೋ' ಚಿತ್ರವನ್ನು ಚಾಂಗ್ ಚೆ ನಿರ್ದೇಶಿಸಿದಾಗ ಕಥೆಯ ತೂಕವೆಲ್ಲ ನಾಯಕ ಜಿಮ್ಮಿ ವಾಂಗ್ ಯು ಕಡೆಗೆ ವಾಲಿತು. ದೊಡ್ಡ ಸಂಸ್ಥೆಗಳು ಗಂಡಸಿನ ರಕ್ತಸಿಕ್ತ ಶೌರ್ಯದ ಬೆನ್ನು ಹತ್ತಿದವು. 1972ರ 'ಹ್ಯಾಪ್ಕಿಡೊ' ಚಿತ್ರದ ಏಂಜೆಲಾ ಮಾವೊ ಇದಕ್ಕೆ ಅಪವಾದ. ಆಕೆಯೂ ತೈವಾನಿನ ಅಪೆರಾ ಶಾಲೆಯಲ್ಲಿ ಕಲಿತವರು.

ಕಿಂಗ್ ಹು ತೈವಾನಿಗೆ ಹೋಗಿ 'ಡ್ರಾಗನ್ ಇನ್', 'ಎ ಟಚ್ ಆಫ್ ಝೆನ್' ತೆಗೆದರು. ಎರಡನೆಯದಕ್ಕೆ 1975ರಲ್ಲಿ ಕಾನ್ ಉತ್ಸವದ ತಾಂತ್ರಿಕ ಪುರಸ್ಕಾರ ಸಿಕ್ಕಿತು. ಮೊದಲನೆಯದರಲ್ಲಿ ಬೆಳಕಿಗೆ ಬಂದ ಪಾಲಿ ಶಾಂಗ್‌ಕುವಾನ್ ಅವರಿಗೆ ಮುಂದಿನ ಹತ್ತು ವರ್ಷ ತೈವಾನಿನ ಅಗ್ಗದ ಚಿತ್ರಗಳೇ ಕರ್ಮಭೂಮಿ. ರಬ್ಬರಿನ ಜಲಚರ, ಪ್ರಾಣಿವೇಷದ ಎದುರಾಳಿ, ಯಾವುದು ಎದುರಿಗೆ ಬಂದರೂ ಆಕೆಯ ಏಟಿನ ಚುರುಕು ಕುಂದಲಿಲ್ಲ.

ಈ ಧಾರೆಯ ಅತ್ಯಂತ ದಿಟ್ಟ ವ್ಯಕ್ತಿ ಪರ್ಲ್ ಚಾಂಗ್ ಲಿಂಗ್. ಅವರು ತಾವೇ ನಿರ್ದೇಶಿಸಿ ನಾಯಕಿಯಾಗಿಯೂ ನಟಿಸಿದ 'ವುಲ್ಫ್ ಡೆವಿಲ್ ವುಮನ್' 1982ರದು. ದುಷ್ಟ ಮಾಂತ್ರಿಕನ ಬಂಟರಿಂದ ಓಡುವ ತಂದೆತಾಯಿ ಹಿಮದಲ್ಲಿ ಸಿಕ್ಕಿಬೀಳುತ್ತಾರೆ. ತಮ್ಮ ಮೈ ಕೊಯ್ದುಕೊಂಡು ಬಿಸಿ ರಕ್ತದಿಂದ ಕೂಸನ್ನು ಬೆಚ್ಚಗಿಟ್ಟು ಸಾಯುತ್ತಾರೆ. ತೋಳಗಳು ಸಾಕಿದ ಮಗು ಬೆಳೆದು, ತಲೆಗೆ ತೋಳದ ಮುಖ ಧರಿಸಿ, ಮನುಷ್ಯರ ಮಾತು ಕಲಿತು ಸೇಡಿಗೆ ಹೊರಡುತ್ತದೆ. ಆ ತೋಳ ಆಟಿಕೆಯಂತೆ ಕಾಣುತ್ತದೆ, ಜೋಡಣೆ ಜಿಗಿಜಿಗಿದು ಸಾಗುತ್ತದೆ. ಆದರೆ ಹಿಮದ ಆ ದೃಶ್ಯದ ತೀವ್ರತೆಗೆ ದುಡ್ಡಿನ ಹಂಗಿಲ್ಲ. ಹೆಣ್ಣು ಕ್ಯಾಮೆರಾದ ಮುಂದೆಯೂ ಹಿಂದೆಯೂ ನಿಂತು ತೆಗೆದ ಖಡ್ಗಚಿತ್ರಗಳು ಬೆರಳೆಣಿಕೆಯವು. ಅವುಗಳಲ್ಲಿ ಇದು ಮುಖ್ಯವಾದದ್ದು.

1990ರ ದಶಕದಲ್ಲಿ ಹಾಂಗ್‌ಕಾಂಗ್ ಈ ಕಥೆಗಳನ್ನು ಹೆಚ್ಚು ಖರ್ಚಿನಲ್ಲಿ ಮತ್ತೆ ಹೇಳಿತು. ಬ್ರಿಜಿಟ್ ಲಿನ್ ನಟಿಸಿದ 'ದ ಬ್ರೈಡ್ ವಿತ್ ವೈಟ್ ಹೇರ್', ಮಿಶೆಲ್ ಯೋ, ಅನಿತಾ ಮುಯಿ, ಮ್ಯಾಗಿ ಚುಂಗ್ ಒಟ್ಟಾದ 'ದ ಹೀರೋಯಿಕ್ ಟ್ರಿಯೊ' ಎರಡೂ 1993ರವು. 2000ದ 'ಕ್ರೌಚಿಂಗ್ ಟೈಗರ್, ಹಿಡನ್ ಡ್ರಾಗನ್' ನಾಲ್ಕು ಆಸ್ಕರ್ ಗೆದ್ದಿತು. ಅದರಲ್ಲಿ ವಯಸ್ಸಾದ ವೈರಿಯ ಪಾತ್ರ ಚೆಂಗ್ ಪೇ-ಪೇ ಅವರದು. ಟಾಂಗ್ ಕಾಲದ ನಿಯೆ ಯಿನ್‌ನಿಯಾಂಗ್ ಕೂಡ 2015ರಲ್ಲಿ ಹೌ ಸಿಯಾವ್-ಸಿಯೆನ್ ಅವರ 'ದ ಅಸ್ಯಾಸಿನ್' ಮೂಲಕ ಕಾನ್ ತಲುಪಿದಳು.

ಕಿಂಗ್ ಹು ಅವರ ಚಿತ್ರಗಳು ಈಗ ಶುದ್ಧೀಕರಿಸಿದ ಹೊಸ ಪ್ರತಿಗಳಲ್ಲಿ ದೊರೆಯುತ್ತವೆ. ಪರ್ಲ್ ಚಾಂಗ್ ಮತ್ತು ಪಾಲಿ ಶಾಂಗ್‌ಕುವಾನ್ ಅವರ ಅನೇಕ ಚಿತ್ರಗಳು ಬಹುಕಾಲ ಪ್ರೇಕ್ಷಕರಿಗೆ ದಕ್ಕಿದ್ದು ಇಂಗ್ಲಿಷ್ ಡಬ್ಬಿಂಗಿನ ಮಸುಕು ವಿಡಿಯೊ ಟೇಪುಗಳಲ್ಲಿ. ಶಾಂಘೈಯ 18 ಭಾಗಗಳಿಗೆ ಆದ ಗತಿ ಇವಕ್ಕೂ ಆಗುವ ಮುನ್ನ ಚಿತ್ರಾಗಾರಗಳು ಇವುಗಳನ್ನೂ ಅಷ್ಟೇ ಕಾಳಜಿಯಿಂದ ಕಾಪಿಡಬೇಕು.