ಸೀಸೆಯ ಮೇಲಿನ ಕಾಡು



ಅಮೆರಿಕದ ಹಳೆಯ ವೃತ್ತಪತ್ರಿಕೆಗಳಲ್ಲಿ ಬಂದ ಮದ್ಯದ ಜಾಹೀರಾತುಗಳಲ್ಲಿ ಕಾಡಂಚಿನ ದಿಮ್ಮಿಮನೆ, ಕೋವಿ ಹಿಡಿದ ಬೇಟೆಗಾರ, ಬೆಂಕಿಯ ಸುತ್ತ ಕುಳಿತ ಗೆಳೆಯರು ಮೇಲಿಂದ ಮೇಲೆ ಕಾಣಿಸಿಕೊಳ್ಳುತ್ತಾರೆ. ಈ ಚಿತ್ರದ ಬೇರು ರಾಜಕಾರಣದಲ್ಲಿದೆ ಎಂದರೆ ನಿಮಗೆ ಆಶ್ಚರ್ಯವಾದೀತು.

1840ರ ಅಧ್ಯಕ್ಷೀಯ ಚುನಾವಣೆಯಲ್ಲಿ ವಿಲಿಯಂ ಹೆನ್ರಿ ಹ್ಯಾರಿಸನ್ ಸ್ಪರ್ಧಿಸಿದ್ದರು. ಈ ಮುದುಕನಿಗೆ ಒಂದು ಪೀಪಾಯಿ ಹುಳಿಸಿದ ಸೇಬಿನ ರಸ ಕೊಟ್ಟರೆ ದಿಮ್ಮಿಮನೆಯಲ್ಲಿ ತೆಪ್ಪಗೆ ಕುಳಿತಾನು ಎಂದು ಎದುರು ಪಕ್ಷದ ಪತ್ರಿಕೆ ಹಂಗಿಸಿತು. ಹ್ಯಾರಿಸನ್ನರ ವ್ಹಿಗ್ ಪಕ್ಷ ಆ ನಿಂದೆಯನ್ನೇ ಲಾಂಛನ ಮಾಡಿಕೊಂಡು ಮೆರವಣಿಗೆ ನಡೆಸಿ ಗೆದ್ದಿತು. ವಾಸ್ತವದಲ್ಲಿ ಅವರು ಹುಟ್ಟಿದ್ದು ವರ್ಜೀನಿಯಾದ ಜಮೀನುದಾರರ ದೊಡ್ಡ ಮನೆಯಲ್ಲಿ. ಮುಂದೆ 1860ರ ಸುಮಾರಿಗೆ ಫಿಲಡೆಲ್ಫಿಯಾದ ವ್ಯಾಪಾರಿ ಇ. ಜಿ. ಬೂಝ್ ದಿಮ್ಮಿಮನೆಯ ಆಕಾರದ ಸೀಸೆಯಲ್ಲೇ ವಿಸ್ಕಿ ಮಾರಿದನು. ಬಡವನ ಗುಡಿಸಲು ಹೀಗೆ ಮೊದಲು ಮತಕ್ಕೆ, ಆಮೇಲೆ ಮದ್ಯಕ್ಕೆ ಬಂಡವಾಳವಾಯಿತು.

ನಮ್ಮ ಹಳಿಯಾಳ, ದಾಂಡೇಲಿ, ಸೂಪಾ ಸೀಮೆಯೂ ಕಾಡಂಚೇ, ಗಡಿಯೇ. 1862ರಿಂದ 1956ರವರೆಗೆ ಉತ್ತರ ಕನ್ನಡವು ಮುಂಬಯಿ ಆಡಳಿತಕ್ಕೆ ಸೇರಿತ್ತು. ಹಾಗಾಗಿ 1949ರ ಮುಂಬಯಿ ಪಾನನಿರೋಧ ಕಾಯಿದೆ ನಮಗೂ ಅನ್ವಯಿಸಿತು. ಸೂಪಾದ ಗಡಿ ದಾಟಿದರೆ ಪೋರ್ತುಗೀಸರ ಗೋವೆ; 1961ರ ಡಿಸೆಂಬರಿನಲ್ಲಿ ಅದು ವಿಮೋಚನೆಗೊಳ್ಳುವವರೆಗೂ ಅಲ್ಲಿ ಬೇರೆಯೇ ಕಾನೂನು, ಗೇರುಹಣ್ಣಿನ ಫೆನಿಗೆ ಅಡ್ಡಿಯಿಲ್ಲ.

ಆ ಮುಂಬಯಿ ಕಾಯಿದೆ ಕುಡಿತವನ್ನಷ್ಟೇ ಅಲ್ಲದೆ, ಪತ್ರಿಕೆಗಳಲ್ಲಿ ಮದ್ಯದ ಜಾಹೀರಾತನ್ನೂ ಮದ್ಯದ ಪ್ರಶಂಸೆಯನ್ನೂ ನಿಷೇಧಿಸಿತ್ತು. ಎಫ್. ಎನ್. ಬಾಲ್ಸಾರಾ ಎಂಬುವರು ನ್ಯಾಯಾಲಯದ ಮೆಟ್ಟಿಲೇರಿದರು. 1951ರ ಮೇ 25ರಂದು ಸರ್ವೋಚ್ಚ ನ್ಯಾಯಾಲಯವು ಪಾನನಿರೋಧದ ಮುಖ್ಯ ಭಾಗವನ್ನು ಎತ್ತಿಹಿಡಿದು, ಮದ್ಯವನ್ನು ಪ್ರಶಂಸಿಸುವುದನ್ನೇ ಅಪರಾಧವೆನ್ನುವ ಅಂಶವನ್ನು ವಾಕ್‌ಸ್ವಾತಂತ್ರ್ಯಕ್ಕೆ ವಿರುದ್ಧವೆಂದು ರದ್ದುಪಡಿಸಿತು. ಮಾತಿಗೂ ಮಾರಾಟಕ್ಕೂ ನಡುವಿನ ಗೆರೆ ಎಷ್ಟು ತೆಳುವೆಂಬುದು ಅಂದೇ ತಿಳಿಯಿತು.

ಆ ಗೆರೆಯ ಮೇಲೆಯೇ ಮುಂದಿನ ವ್ಯಾಪಾರ ನಡೆಯಿತು. 1976ರಲ್ಲಿ ಬಂದ ಬ್ಯಾಗ್‌ಪೈಪರ್ ವಿಸ್ಕಿಗೆ ಸ್ಕಾಟ್ಲೆಂಡಿನ ಗುಡ್ಡಗಾಡಿನ ವಾದ್ಯಗಾರನೇ ಗುರುತು. ಮದ್ಯದ ಜಾಹೀರಾತಿಗೆ ತಡೆಯಿದ್ದೆಡೆ ಅದೇ ಹೆಸರಿನ ಸೋಡಾ ಮುಂದೆ ಬಂದಿತು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಕೂಲಿಕಾರನ ಸಂಬಳವನ್ನು ನುಂಗಿದ ಸಾರಾಯಿಗೆ ಬೇಟೆಗಾರನ ಚಿತ್ರವೂ ಬೇಕಿರಲಿಲ್ಲ, ಸೋಡಾದ ಮರೆಯೂ ಬೇಕಿರಲಿಲ್ಲ. ಅವನ ದಣಿವೇ ಅದಕ್ಕೆ ಜಾಹೀರಾತು. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ಬಣ್ಣದ ಸೀಸೆ ಉಳಿಯಿತು.

ಜಾಹೀರಾತಿನ ಕಾಡಿನಲ್ಲಿ ನಾಟಾ ಹೊರುವವನಿಲ್ಲ, ಸಂಜೆ ಒಲೆಯ ಮುಂದೆ ಅವನಿಗಾಗಿ ಕಾಯುವ ಹೆಂಡತಿಯಿಲ್ಲ. ಚಿತ್ರವೊಂದನ್ನು ಕಂಡಾಗ ಅದರಲ್ಲಿ ಯಾರಿದ್ದಾರೆ ಎಂಬುದರ ಜೊತೆಗೆ, ಯಾರನ್ನು ಹೊರಗಿಟ್ಟಿದ್ದಾರೆ ಎಂದೂ ನಿಮ್ಮ ಮಕ್ಕಳಿಗೆ ಕೇಳಲು ಕಲಿಸಿರಿ.