ಯಾವ ಕಡೆಯಿಂದ ಬಂದಿರಿ?

ಆರು ವರ್ಷಗಳ ಹಿಂದೆ ಕಾಗ್ನಿಟಿವ್ ಸೈನ್ಸ್‌ನಲ್ಲಿ ಸಂಶೋಧನೆ ಮಾಡಬೇಕೆಂದು ನಾಲ್ಕು ಕಡೆ ಅರ್ಜಿ ಹಾಕಿದ್ದೆ. ನಾಲ್ಕಕ್ಕೂ ಕಳಿಸಿದ್ದು ಒಂದೇ ಉದ್ದೇಶಪತ್ರ. ಸಂಸ್ಥೆಯ ಹೆಸರನ್ನಷ್ಟೇ ಬದಲಿಸಿದ್ದೆ. ಮೂರು ಕಡೆಯಿಂದ ಕರೆ ಬರಲಿಲ್ಲ. ನಾಲ್ಕನೆಯ ಕಡೆ ಸಂದರ್ಶನದಲ್ಲಿ ಹಿರಿಯ ಪ್ರಾಧ್ಯಾಪಕರೊಬ್ಬರು, "ನೀವು ಯಾವ ಕಡೆಯಿಂದ ಬಂದವರು?" ಎಂದು ಕೇಳಿದರು. "ಸಾಗರದ ಕಡೆಯವಳು ಸಾರ್" ಎಂದೆ. ಎಲ್ಲರೂ ನಕ್ಕರು. ಅವರು ಕೇಳಿದ್ದು ನನ್ನ ಊರನ್ನಲ್ಲ, ಮನಃಶಾಸ್ತ್ರದ ಕಡೆಯಿಂದಲೋ, ಕಂಪ್ಯೂಟರ್ ಕಡೆಯಿಂದಲೋ, ಭಾಷಾವಿಜ್ಞಾನದ ಕಡೆಯಿಂದಲೋ ಎಂದು. ಬಿ.ಎ.ಯಲ್ಲಿ ಮನಃಶಾಸ್ತ್ರ, ಎಂ.ಎ.ಯಲ್ಲಿ ಭಾಷಾವಿಜ್ಞಾನ ಓದಿದ್ದ ನಾನು "ಎರಡೂ ಕಡೆಯಿಂದ" ಎಂದು ತಡವರಿಸಿದೆ. ಸೀಟು ಸಿಗಲಿಲ್ಲ. ಆ ವರ್ಷವೆಲ್ಲ ಅವರ ಮೇಲೆ ಸಿಟ್ಟಿತ್ತು. ಅದು ವಿಷಯದ ಹುಟ್ಟಿನಿಂದಲೇ ಬಂದ ಪ್ರಶ್ನೆ ಎಂದು ತಿಳಿದದ್ದು ವಿಜ್ಞಾನದ ಇತಿಹಾಸಕ್ಕೆ ಹೊರಳಿದ ಮೇಲೆ.

ಈ ವಿಷಯಕ್ಕೆ ಕನ್ನಡದಲ್ಲಿ ನೆಲೆಯೂರಿದ ಹೆಸರಿಲ್ಲ. ಕೆಲವರು ಸಂಜ್ಞಾನ ವಿಜ್ಞಾನ ಎನ್ನುತ್ತಾರೆ. ನನಗೆ ಅರಿವಿನ ವಿಜ್ಞಾನ ಎಂಬುದೇ ಹಿತ, ಆದರೆ ಹಾಗೆಂದರೆ ಮನೆಯವರು ಅಧ್ಯಾತ್ಮ ಎಂದುಕೊಳ್ಳುತ್ತಾರೆ. ಇಂಗ್ಲಿಷಿನಲ್ಲೂ ಹೆಸರು ತಡವಾಗಿಯೇ ಬಂತು. ಈ ವಿಷಯ ಹುಟ್ಟಿದ್ದು 1956ರ ಸೆಪ್ಟೆಂಬರ್ 11ರಂದು ಎಂದು ಮನಃಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ ಹೇಳುತ್ತಿದ್ದರು. ಅಂದು ಅಮೆರಿಕದ ಎಂಐಟಿಯ ವಿಚಾರಗೋಷ್ಠಿಯೊಂದರಲ್ಲಿ ನ್ಯೂವೆಲ್ ಮತ್ತು ಸೈಮನ್ ತರ್ಕದ ಪ್ರಮೇಯಗಳನ್ನು ಸಾಧಿಸುವ ಕಂಪ್ಯೂಟರ್ ಪ್ರೋಗ್ರಾಂ ಬಗ್ಗೆ ಮಾತನಾಡಿದರು. ನೋಮ್ ಚಾಮ್‌ಸ್ಕಿ ವ್ಯಾಕರಣದ ಮಾದರಿಗಳ ಬಗ್ಗೆ, ಮಿಲ್ಲರ್ ಅಲ್ಪಕಾಲದ ನೆನಪಿನ ಮಿತಿಯ ಬಗ್ಗೆ ಮಾತನಾಡಿದರು. ಮೂರು ಬೇರೆ ಬೇರೆ ಶಾಸ್ತ್ರದವರು ಒಂದೇ ಸಂಗತಿಯ ಸುತ್ತ ಸುಳಿಯುತ್ತಿದ್ದಾರೆ ಎಂದು ಮಿಲ್ಲರ್‌ಗೆ ಅನ್ನಿಸಿತು. 'ಕಾಗ್ನಿಟಿವ್ ಸೈನ್ಸ್' ಎಂಬ ಹೆಸರನ್ನು ಚಲಾವಣೆಗೆ ತಂದವರು ಲಾಂಗೆಟ್-ಹಿಗ್ಗಿನ್ಸ್, 1973ರಲ್ಲಿ, ಎಡಿನ್‌ಬರೋದಿಂದ. ಅವರು ಬಂದದ್ದು ರಸಾಯನಶಾಸ್ತ್ರದ ಕಡೆಯಿಂದ!

ಹೆಸರು ಸಿಕ್ಕ ಮೇಲೆ ದುಡ್ಡು ಬಂತು. ಎಪ್ಪತ್ತರ ದಶಕದ ಕೊನೆಯಲ್ಲಿ ಅಮೆರಿಕದ ಸ್ಲೋನ್ ಪ್ರತಿಷ್ಠಾನ ಈ ಕ್ಷೇತ್ರಕ್ಕೆ ದೊಡ್ಡ ನೆರವು ನೀಡಿತು. ಅದಕ್ಕಾಗಿ 1978ರಲ್ಲಿ ತಯಾರಾದ ವರದಿಯಲ್ಲಿ ಒಂದು ಷಟ್ಕೋನದ ಚಿತ್ರವಿದೆ. ಅದರ ಆರು ಮೂಲೆಗಳಲ್ಲಿ ತತ್ತ್ವಶಾಸ್ತ್ರ, ಭಾಷಾವಿಜ್ಞಾನ, ಮಾನವಶಾಸ್ತ್ರ, ನರವಿಜ್ಞಾನ, ಕಂಪ್ಯೂಟರ್ ವಿಜ್ಞಾನ ಮತ್ತು ಮನಃಶಾಸ್ತ್ರ ಇವೆ. ಮೂಲೆಯಿಂದ ಮೂಲೆಗೆ ಗೆರೆಗಳು. ಅಷ್ಟು ಚೆಂದದ ಚಿತ್ರವಿದ್ದರೂ ವರದಿಗೆ ಎಷ್ಟು ವಿರೋಧ ಬಂತೆಂದರೆ ಅದು ಆಗ ಪ್ರಕಟವಾಗಲೇ ಇಲ್ಲ. ಇಂದಿಗೂ ಪಠ್ಯಪುಸ್ತಕಗಳು ಆ ಷಟ್ಕೋನವನ್ನು ಅಚ್ಚುಹಾಕುತ್ತವೆ. ಅದನ್ನು ನೋಡಿಯೇ ಆರೂ ಸಮಪಾಲು ಎಂದು ನಾನು ನಂಬಿದ್ದೆ.

ಎಲ್ಲಿಯೂ ಹಾಗಿಲ್ಲ. ವಿಭಾಗವೆಂದರೆ ಕೊನೆಗೂ ಯಾರೋ ಕೆಲವರು ಸೇರಿ ಕಟ್ಟಿದ್ದು, ಅದಕ್ಕೆ ಕಟ್ಟಿದವರ ಮೂಲೆಯ ವಾಸನೆ ಉಳಿಯುತ್ತದೆ. ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ 1986ರಲ್ಲಿ ಕಾಗ್ನಿಟಿವ್ ಸೈನ್ಸ್‌ಗೆಂದೇ ಪ್ರತ್ಯೇಕ ವಿಭಾಗ ಶುರುವಾಯಿತು. ಅದೇ ವರ್ಷ ಅಲ್ಲಿನ ಗುಂಪಿನ ರುಮೆಲ್‌ಹಾರ್ಟ್, ಮೆಕ್‌ಕ್ಲೆಲ್ಯಾಂಡ್ ಮತ್ತು ಸಂಗಡಿಗರ ನರಜಾಲ ಮಾದರಿಗಳ ಎರಡು ಸಂಪುಟಗಳು ಹೊರಬಂದವು. ಎಂಐಟಿಯಲ್ಲಿ ಇದೇ ವಿಷಯದ ವಿಭಾಗದ ಹೆಸರಿನಲ್ಲಿ ಮೊದಲ ಪದವೇ 'ಮೆದುಳು'. ಎಡಿನ್‌ಬರೋದಲ್ಲಿ ಇದು ಬೆಳೆದದ್ದು ಕೃತಕ ಬುದ್ಧಿಮತ್ತೆಯ ಮಗ್ಗುಲಲ್ಲಿ. ಮಾನವಶಾಸ್ತ್ರದ ಮೂಲೆಯಂತೂ ಬಹುತೇಕ ಕಡೆ ಸದ್ದಿಲ್ಲದೆ ಸವೆದುಹೋಯಿತು. ಹಳ್ಳಿಯ ಹೆಂಗಸರು ಲೆಕ್ಕವನ್ನು ಹೇಗೆ ನೆನಪಿಡುತ್ತಾರೆಂದು ಅಧ್ಯಯನ ಮಾಡುವ ಆಸೆ ಹೊತ್ತು ನರಕೋಶಗಳ ವಿದ್ಯುತ್ತನ್ನು ಅಳೆಯುವವರ ಬಾಗಿಲು ತಟ್ಟಿದರೆ ತಪ್ಪು ಬಾಗಿಲಿನದಲ್ಲ. ನಾನು ಮಾಡಿದ್ದು ಹೆಚ್ಚೂಕಡಿಮೆ ಅದನ್ನೇ.

ನಮ್ಮಲ್ಲಿ ಈ ಕಥೆ ಷಟ್ಕೋನಕ್ಕಿಂತ ಹಳೆಯದು. ಭಾರತದಲ್ಲಿ ಮನಃಶಾಸ್ತ್ರದ ಮೊದಲ ವಿಭಾಗ ತೆರೆದದ್ದು 1916ರಲ್ಲಿ, ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ. ಅಲ್ಲಿ ಪ್ರಾಯೋಗಿಕ ಮನಃಶಾಸ್ತ್ರದ ಪಠ್ಯಕ್ರಮ ರೂಪಿಸಿದ್ದ ತತ್ತ್ವಶಾಸ್ತ್ರಜ್ಞ ಬ್ರಜೇಂದ್ರನಾಥ ಸೀಲ್ ಮುಂದೆ ಮೈಸೂರು ವಿಶ್ವವಿದ್ಯಾಲಯದ ಕುಲಪತಿಗಳಾದರು. ಅವರ ಕಾಲದಲ್ಲೇ, 1924ರಲ್ಲಿ, ಮೈಸೂರಿನಲ್ಲೂ ವಿಭಾಗ ಶುರುವಾಯಿತು. ಅದರ ಮುಖ್ಯಸ್ಥರು ಎಂ.ವಿ. ಗೋಪಾಲಸ್ವಾಮಿ. 1935ರಲ್ಲಿ ತಮ್ಮ ಮನೆಯಿಂದಲೇ 'ಆಕಾಶವಾಣಿ' ಬಾನುಲಿ ಆರಂಭಿಸಿದವರೆಂದು ನಮಗೆಲ್ಲ ಗೊತ್ತಿರುವವರೇ. ಲಂಡನ್ನಿನಲ್ಲಿ ಅವರ ಗುರು ಚಾರ್ಲ್ಸ್ ಸ್ಪಿಯರ್‌ಮನ್, ಬುದ್ಧಿಶಕ್ತಿಯನ್ನು ಸಂಖ್ಯಾಶಾಸ್ತ್ರದಿಂದ ಅಳೆಯಲು ಹೊರಟವರು. ಮೈಸೂರಿಗೆ ಬಂದ ಗೋಪಾಲಸ್ವಾಮಿ ಪ್ರಯೋಗಶಾಲೆ ಕಟ್ಟಿದರು, ಪಾಶ್ಚಾತ್ಯ ಬುದ್ಧಿಪರೀಕ್ಷೆಗಳನ್ನು ಇಲ್ಲಿಗೆ ಒಗ್ಗಿಸಿದರು. ಕುಲಪತಿ ತತ್ತ್ವಶಾಸ್ತ್ರದ ಕಡೆಯವರು, ಮುಖ್ಯಸ್ಥರು ಅಳತೆಗೋಲಿನ ಕಡೆಯವರು. ಅಂದು ಅಲ್ಲಿ ಸೇರಲು ಬಂದ ಹುಡುಗನನ್ನೂ ಯಾರಾದರೂ 'ಯಾವ ಕಡೆ' ಎಂದು ಕೇಳಿರಬಹುದೇ ಎಂದು ಆಗಾಗ ಊಹಿಸಿಕೊಳ್ಳುತ್ತೇನೆ.

ಈಗ ಬಾಗಿಲುಗಳು ಹೆಚ್ಚಿವೆ. ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ 2002ರಲ್ಲಿ ವರ್ತನೆ ಮತ್ತು ಅರಿವಿನ ವಿಜ್ಞಾನಗಳ ಕೇಂದ್ರ ಬಂತು. ಗಾಂಧಿನಗರ ಮತ್ತು ಕಾನ್ಪುರದ ಐಐಟಿಗಳಲ್ಲಿ, ಹೈದರಾಬಾದಿನ ಟ್ರಿಪಲ್ ಐಟಿಯಲ್ಲಿ, ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ಇದನ್ನು ಓದಬಹುದು. ಇನ್ನು ಕೆಲವು ಬಾಗಿಲುಗಳ ಮೇಲೆ ಈ ಹೆಸರೇ ಇಲ್ಲ. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಮಾತು ಕಳೆದುಕೊಂಡವರ ಭಾಷೆಯನ್ನೂ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಗಮನ ಮತ್ತು ನೆನಪನ್ನೂ ಅಧ್ಯಯನ ಮಾಡುವವರಿದ್ದಾರೆ. ಸಾಗರದಿಂದ ಅವೆರಡೂ ದೂರವಲ್ಲ. ನಾನು ಅವನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಯಾಕೆಂದರೆ ನಾನು ಹುಡುಕುತ್ತಿದ್ದದ್ದು ಫಲಕವನ್ನು.

ಹೋದ ತಿಂಗಳು ನಮ್ಮ ಹಾಸ್ಟೆಲಿನ ಕಿರಿಯಳೊಬ್ಬಳು ಐದು ಸಂಸ್ಥೆಗಳ ಪಟ್ಟಿ ಹಿಡಿದು ಬಂದಳು. ಓದಿದ್ದು ಕನ್ನಡ ಎಂ.ಎ., ಕುತೂಹಲವಿರುವುದು ಎರಡು ಭಾಷೆ ಆಡುವ ಮಕ್ಕಳು ಪದಗಳನ್ನು ಹೇಗೆ ಬೇರ್ಪಡಿಸಿಕೊಳ್ಳುತ್ತಾರೆಂಬುದರಲ್ಲಿ. ಇಬ್ಬರೂ ಕೂತು ಒಂದೊಂದು ಕಡೆಯ ಅಧ್ಯಾಪಕರು ಯಾವ ವಿಷಯದಲ್ಲಿ ಪಿಎಚ್.ಡಿ. ಪಡೆದವರು, ಮೊದಲ ಸೆಮಿಸ್ಟರಿನ ಕಡ್ಡಾಯ ಪತ್ರಿಕೆಗಳು ಯಾವುವು, ಈಚಿನ ಪ್ರಬಂಧಗಳ ಶೀರ್ಷಿಕೆಗಳೇನು ಎಂದು ನೋಡಿದೆವು. ಎರಡು ಸಂಜೆ ಹಿಡಿಯಿತು. ಒಂದು ಕಡೆ ಭಾಷೆಯವರು ಒಬ್ಬರೂ ಇರಲಿಲ್ಲ, ಅದನ್ನು ಹೊಡೆದುಹಾಕಿದಳು. ಇನ್ನೊಂದು ಕಡೆ ಪ್ರೋಗ್ರಾಮಿಂಗ್ ಕಡ್ಡಾಯ. ಅದನ್ನು ಹೊಡೆಯಲು ಹೋದವಳನ್ನು ತಡೆದೆ, ಆರು ತಿಂಗಳಲ್ಲಿ ಪೈಥಾನ್ ಕಲಿಯಬಹುದು. "ಅಕ್ಕಾ, ಉದ್ದೇಶಪತ್ರದಲ್ಲಿ ಕನ್ನಡ ಎಂ.ಎ. ಅನ್ನೋದನ್ನ ಕೊನೆಗೆ ಬರೀಲಾ?" ಎಂದಳು. ಮೊದಲ ಸಾಲಿನಲ್ಲೇ ಬರೆ ಎಂದೆ. ನಿನ್ನೆ ಮೊದಲ ಕರಡು ಕಳಿಸಿದ್ದಾಳೆ. ಅದು ಶುರುವಾಗುವುದು ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ ಆಡುವ ಅವಳ ತಮ್ಮನಿಂದ.